ಕಾಲು ನೀವುವ ಮೊದಲು ಡಾಪ್ಲರ್ ಮಾಡಿಸೋಣ

ನಾನು, ಡೊಂಬಿವಲಿ: ದೊಡ್ಡಪ್ಪಾ, ನೀವು ಬೆಳಿಗ್ಗೆ ಹಾಕಿದ ವಿಡಿಯೊ ನೋಡಿದೆ. ಕರುಳಿನ ಹಳೆಯ ಕಾಯಿಲೆಯವರಿಗೆ ಕಾಲು ಊದಿದರೆ ಅದು ವಾತವೆಂದೂ, ಬಿಸಿ ಎಳ್ಳೆಣ್ಣೆ ಹಚ್ಚಿ ಮೀನಖಂಡವನ್ನು ಬಲವಾಗಿ ನೀವಿದರೆ ಇಳಿಯುವುದೆಂದೂ ಅದರಲ್ಲಿ ಹೇಳಿದ್ದಾರೆ. ದಯವಿಟ್ಟು ಅದನ್ನು ಗುಂಪಿನಿಂದ ತೆಗೆಯಿರಿ. ಮುಲುಂಡಿನ ತಂಗಿಗೆ ಅಲ್ಸರೇಟಿವ್ ಕೊಲೈಟಿಸ್, ಅಂದರೆ ದೊಡ್ಡ ಕರುಳಿನಲ್ಲಿ ಉರಿಯೂತವೆದ್ದು ಹುಣ್ಣಾಗುವ ಕಾಯಿಲೆ, ಕೆರಳಿ ಎರಡು ವಾರವಾಯಿತು. ನಿನ್ನೆಯಿಂದ ಅವಳ ಎಡಗಾಲೊಂದೇ ಊದಿದೆ.

ದೊಡ್ಡಪ್ಪ, ಪುಣೆ: ಮಗಳೇ, ನಿನ್ನ ಅಜ್ಜಿ ಧಾರವಾಡದಲ್ಲಿ ಎಷ್ಟೋ ಜನರ ಕಾಲು ನೀವಿ ಗುಣಪಡಿಸಿದ್ದನ್ನು ನಾನೇ ಕಂಡಿದ್ದೇನೆ. ರೋಗವಿರುವುದು ಕರುಳಿನಲ್ಲಿ, ಊದಿರುವುದು ಕಾಲು. ಒಂದಕ್ಕೊಂದು ಏನು ಸಂಬಂಧ?

ನಾನು: ಸಂಬಂಧ ರಕ್ತದಲ್ಲಿದೆ, ದೊಡ್ಡಪ್ಪಾ. ಉರಿಯೂತ ಹೆಚ್ಚಿದಾಗ ಹೆಪ್ಪುಗಟ್ಟಲು ಬೇಕಾದ ಫೈಬ್ರಿನೋಜೆನ್ ಎಂಬ ಪ್ರೋಟೀನನ್ನು ಯಕೃತ್ತು ಹೆಚ್ಚಾಗಿ ತಯಾರಿಸುತ್ತದೆ, ರಕ್ತನಾಳದ ಒಳಪದರವೂ ಕೆರಳುತ್ತದೆ. ಭೇದಿಯಿಂದ ನೀರಿನಂಶ ಕಳೆದುಕೊಂಡು, ಸ್ಟೀರಾಯ್ಡ್ ತೆಗೆದುಕೊಳ್ಳುತ್ತ ಹಾಸಿಗೆಯಲ್ಲೇ ಇರುವವರಿಗೆ ಅಪಾಯ ಮತ್ತಷ್ಟು ಏರುತ್ತದೆ. ಕರುಳಿನ ಈ ಬಗೆಯ ಉರಿಯೂತದ ಕಾಯಿಲೆಯವರಲ್ಲಿ ಕಾಲಿನ ಆಳದ ಅಭಿಧಮನಿಯಲ್ಲಿ ಹೆಪ್ಪುಗಟ್ಟುವ ಸಂಭವ ಉಳಿದವರಿಗಿಂತ ಸುಮಾರು 2ರಿಂದ 3 ಪಟ್ಟು ಇರುತ್ತದೆ, ಕಾಯಿಲೆ ಕೆರಳಿದ ದಿನಗಳಲ್ಲಿ ಅದಕ್ಕಿಂತಲೂ ಹೆಚ್ಚು. ರುಮಟಾಯ್ಡ್ ಸಂಧಿವಾತವೂ ಉರಿಯೂತದ ಕಾಯಿಲೆಯೇ, ಅದಿರುವ ನನಗೂ ಹೀಗೇ ಆಗಿತ್ತು. ಉಳುಕೆಂದುಕೊಂಡು ನಾಲ್ಕು ದಿನ ಕಾಲು ತಿಕ್ಕಿಸಿಕೊಂಡೆ. ಐದನೆಯ ದಿನ ಸ್ಟೇಷನ್ನಿನ ಸೇತುವೆಯ ಮೆಟ್ಟಿಲು ಹತ್ತುವಾಗ ಉಸಿರೇ ಸಾಲದಾಯಿತು. ಹೆಪ್ಪಿನ ತುಂಡೊಂದು ಕಳಚಿ ಶ್ವಾಸಕೋಶಕ್ಕೆ ಹೋಗಿತ್ತು. ತಿಕ್ಕಿದ್ದರಿಂದಲೇ ಕಳಚಿತೆಂದು ಹೇಳಲಾರೆ, ಆದರೆ ಚಿಕಿತ್ಸೆ ಆರಂಭವಾಗಬೇಕಿದ್ದ ಆ ನಾಲ್ಕು ದಿನಗಳು ನನ್ನ ಕೈತಪ್ಪಿದವು.

ಚಿಕ್ಕಮ್ಮ, ಮುಲುಂಡ್: ಇವಳಿಗೆ ಮಲದಲ್ಲಿ ರಕ್ತ ಹೋಗುತ್ತಿದೆಯಲ್ಲಮ್ಮಾ, ರಕ್ತ ತೆಳುವಾಗಿಸುವ ಔಷಧ ಕೊಟ್ಟರೆ ಇನ್ನಷ್ಟು ಹೋಗುವುದಿಲ್ಲವೇ?

ನಾನು: ನಿಮ್ಮ ಹೆದರಿಕೆ ಸಹಜ, ಚಿಕ್ಕಮ್ಮಾ. ಆದರೂ ಕೊಲೈಟಿಸ್ ಕೆರಳಿ ಆಸ್ಪತ್ರೆಗೆ ಸೇರಿದವರಿಗೆ, ರಕ್ತಸ್ರಾವ ವಿಪರೀತವಾಗಿಲ್ಲದಿದ್ದರೆ, ಹೆಪ್ಪು ಕಟ್ಟದಂತೆ ಹೆಪಾರಿನ್ ಚುಚ್ಚುಮದ್ದು ಕೊಡುವುದು ರೂಢಿಯಲ್ಲಿದೆ. ಎರಡೂ ಅಪಾಯಗಳನ್ನು ತೂಗಿ ನೋಡುವವರು ವೈದ್ಯರು. ರಕ್ತ ಹೋಗುತ್ತಿರುವುದನ್ನು ಅವರಿಗೆ ಮೊದಲೇ ಹೇಳಿ. ಹೆಪ್ಪಿನ ಸುಳಿವು ಕೊಡುವ ಡಿ-ಡೈಮರ್ ರಕ್ತಪರೀಕ್ಷೆಯ ಅಂಕಿ ಉರಿಯೂತವೊಂದರಿಂದಲೇ ಏರಿಬಿಡುವುದರಿಂದ ಅದನ್ನಷ್ಟೇ ನಂಬಿ ಕೂರುವಂತಿಲ್ಲ, ರಕ್ತನಾಳದಲ್ಲಿ ರಕ್ತ ಹರಿಯುವುದನ್ನು ತೋರಿಸುವ ಕಾಲಿನ ಡಾಪ್ಲರ್ ಸ್ಕ್ಯಾನ್ ಇವತ್ತೇ ಆಗಬೇಕು.

ದೊಡ್ಡಪ್ಪ: ವಿಡಿಯೊ ತೆಗೆದಿದ್ದೇನೆ. ಅಮ್ಮನ ಕೈಗುಣದ ಮೇಲೆ ನನಗಿರುವ ನಂಬಿಕೆ ಹೋಗಿಲ್ಲ, ಆದರೆ ನಿನ್ನ ತಂಗಿಯ ಕಾಲಿನ ಮೇಲೆ ಅದನ್ನು ಪರೀಕ್ಷಿಸುವುದು ಬೇಡ.

ನಾನು: ಲೋಕಲ್ ರೈಲು ಹತ್ತಿದ್ದೇನೆ, ಚಿಕ್ಕಮ್ಮಾ. ಅವಳಿಗೆ ಎದೆನೋವೋ ಏದುಸಿರೋ ಕಂಡರೆ ನನಗಾಗಿ ಕಾಯದೆ ತುರ್ತು ವಿಭಾಗಕ್ಕೆ ಕರೆದೊಯ್ಯಿರಿ. ಅಲ್ಲಿಯವರೆಗೆ ಯಾರೂ ಆ ಕಾಲನ್ನು ಒತ್ತಬೇಡಿ.