ಮಳೆಗಾಲದಲ್ಲಿ ಸೋರುವ ಕ್ಯಾರವಾನ್: ನಿಮ್ಮ ಪ್ರಶ್ನೆ, ಮೇಸ್ತ್ರಿಯ ಉತ್ತರ

ಅಡ್ಮಿನ್, ಕಾಸರಗೋಡು: ಎಲ್ಲರಿಗೂ ನಮಸ್ಕಾರ. ಆಟಿ ತಿಂಗಳ ಮಳೆ ಬಿಡುವ ಲಕ್ಷಣ ಕಾಣುತ್ತಿಲ್ಲ. ವಾರದಿಂದ ಗುಂಪಿನಲ್ಲಿ ಇದೇ ಮಾತು, ಗಾಡಿಯೊಳಗೆ ನೀರು, ಹಾಸಿಗೆ ಚಂಡಿ, ಬೂಷ್ಟಿನ ವಾಸನೆ. ಬಸ್ ಬಾಡಿ ಕಟ್ಟಿ ಪಳಗಿದ, ಈಗ ಕ್ಯಾರವಾನ್ ಕೆಲಸ ಮಾಡುವ ನಮ್ಮ ಹೊಸಂಗಡಿಯ ಮೇಸ್ತ್ರಿಯಣ್ಣ ಇವತ್ತು ರಾತ್ರಿ ಉತ್ತರ ಕೊಡಲು ಒಪ್ಪಿದ್ದಾರೆ. ಗಾಡಿ ಯಾವುದು, ಎಲ್ಲಿ ಸೋರುತ್ತದೆ, ಯಾವಾಗ ಸೋರುತ್ತದೆ, ಮೂರನ್ನೂ ಬರೆಯಿರಿ.

ಕುಂಬಳೆಯ ಅಕ್ಕ: ಅಣ್ಣ, ನಮ್ಮದು ಟೆಂಪೋ ಟ್ರಾವೆಲರ್, ಮಲಗುವ ಹಾಗೆ ಮಾಡಿಸಿದ್ದು. ಹೋದ ತಿಂಗಳು ಮಡಿಕೇರಿಗೆ ಹೋಗಿದ್ದಾಗ ಒಂದು ರಾತ್ರಿ ಮಳೆ ಬರಲೇ ಇಲ್ಲ. ಆದರೂ ಬೆಳಿಗ್ಗೆ ಮಾಡಿನ (ಛಾವಣಿಯ) ತಗಡಿನಿಂದ ಹನಿ ಬೀಳುತ್ತಿತ್ತು, ಗಾಜು ಪೂರ್ತಿ ಚಂಡಿ. ನಾವು 4 ಜನ ಇದ್ದೆವು. ಎಲ್ಲಿ ಸೋರುತ್ತಿರಬಹುದು?

ಮೇಸ್ತ್ರಿ: ಅಕ್ಕ, ಅದು ಸೋರಿಕೆ ಅಲ್ಲ, ನಿಮ್ಮ ಉಸಿರು. 4 ಜನ ಕಿಟಕಿ ಮುಚ್ಚಿ ಮಲಗಿದರೆ ಬೆಳಗಾಗುವಷ್ಟರಲ್ಲಿ ಉಸಿರು, ಬೆವರು ಸೇರಿ ಒಂದು ಲೀಟರಿನಷ್ಟು ನೀರು ಒಳಗಿನ ಗಾಳಿಗೆ ಸೇರುತ್ತದೆ. ರಾತ್ರಿ ಒಳಗೇ ಅಡಿಗೆ ಮಾಡಿದ್ದಿರಾ? 1 ಕೆ.ಜಿ. ಗ್ಯಾಸ್ ಉರಿದರೆ ಸುಮಾರು 1.6 ಕೆ.ಜಿ. ನೀರಾವಿ ಹುಟ್ಟುತ್ತದೆ, ಅನ್ನ ಬೆಂದ ಹಬೆ ಬೇರೆ. ಮಡಿಕೇರಿಯ ಚಳಿಗೆ ತಗಡು ತಣ್ಣಗಾದಾಗ ಅದೆಲ್ಲ ಅಲ್ಲಿ ಹನಿಯಾಗಿ ಕೂರುತ್ತದೆ. ಕೆಳಗೊಂದು ಮೇಲೊಂದು ಕಡೆ ಎರಡು ಬೆರಳು ತೆರೆದಿಟ್ಟು ಮಲಗಿ. ಒಲೆ ಹಚ್ಚಿದರೆ ಮಾಡಿನ ಫ್ಯಾನ್ ಓಡಲೇಬೇಕು. ತಗಡಿಗೆ ಒಳಗಿನಿಂದ ಫೋಮ್ ಅಂಟಿಸುವುದಾದರೆ ನಡುವೆ ಜಾಗ ಬಿಡದೆ ಪೂರ್ತಿ ಅಂಟಿಸಿ. ಜಾಗ ಬಿಟ್ಟರೆ ಹನಿ ಅದರ ಹಿಂದೆ ಕೂರುತ್ತದೆ, ನಿಮಗೆ ಕಾಣುವುದೂ ಇಲ್ಲ.

ಉಪ್ಪಳದ ಟ್ರಾವೆಲ್ಸ್: ಮಾಡಿನ ಜೋಡಣೆಗೆ ಎಂ-ಸೀಲ್, ಆ ಕಲಸಿ ಮೆತ್ತುವ ಅಂಟು, ಹಾಕಬಹುದಾ?

ಮೇಸ್ತ್ರಿ: ಬೇಡ. ಅದು ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ, ಗಾಡಿ ಅಲುಗಾಡುತ್ತಲೇ ಇರುತ್ತದೆ. ಬಿರುಕು ಬಿಡುತ್ತದೆ.

ಮುಳ್ಳೇರಿಯದ ತಮ್ಮ: ಬೂಷ್ಟು ಹೋಗಲು ಒಂದು ವಿಡಿಯೋ ಬಂದಿದೆ. ಬ್ಲೀಚಿಂಗ್ ಪೌಡರಿಗೆ ವಿನೆಗರ್ ಸೇರಿಸಿ ಒಳಗೆಲ್ಲ ಸಿಂಪಡಿಸಿ ಬಾಗಿಲು ಮುಚ್ಚಿಡಬೇಕಂತೆ. ಎಷ್ಟೆಷ್ಟು ಹಾಕಬೇಕು ಅಣ್ಣ?

ಮೇಸ್ತ್ರಿ: ಒಂದು ಚಮಚವೂ ಬೇಡ. ಅವೆರಡು ಸೇರಿದರೆ ಕ್ಲೋರಿನ್ ಗ್ಯಾಸ್ ಬರುತ್ತದೆ. ಅಷ್ಟು ಸಣ್ಣ ಗಾಡಿಯೊಳಗೆ ಅದನ್ನು ಉಸಿರಾಡಿದರೆ ಶ್ವಾಸಕೋಶಕ್ಕೇ ಪೆಟ್ಟು. ಇದನ್ನು ಮಾಡಿಟ್ಟು ಮರುದಿನ ಮಗು ಬಾಗಿಲು ತೆರೆದರೆ ಏನಾಗಬೇಕು ಹೇಳಿ. ಆ ವಿಡಿಯೋ ಯಾರು ಕಳಿಸಿದರೋ ಅವರಿಗೂ ಇದನ್ನು ಹೇಳಿ. ಬೂಷ್ಟಿಗೆ ಮಾಸ್ಕ್ ಹಾಕಿ, ಬಾಗಿಲು ತೆರೆದಿಟ್ಟು, ಸೋಪು ನೀರಿನ ಬಟ್ಟೆಯಲ್ಲಿ ಒರೆಸಿ ಒಣಗಿಸಿ. ಫೋಮ್ ಹಾಸಿಗೆಯ ಒಳಗೇ ಹಿಡಿದಿದ್ದರೆ ಬಿಸಾಡಿ. ನೀರು ಬರುವ ದಾರಿ ಮುಚ್ಚದಿದ್ದರೆ ಎಷ್ಟು ಒರೆಸಿದರೂ ಹತ್ತು ದಿನಕ್ಕೆ ಮತ್ತೆ ಬರುತ್ತದೆ.

ನೀರ್ಚಾಲಿನಿಂದ: ಮೇಸ್ತ್ರಿಯಣ್ಣ, ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರಿಸಬೇಡಿ. ಹೋದ ವರ್ಷ ಸೆಕೆಂಡ್ ಹ್ಯಾಂಡ್ ತೆಗೆದುಕೊಂಡ ಗಾಡಿ. ಅಂಗಳ ಇಳಿಜಾರು, ಮೂತಿ ಮೇಲೆ ಮಾಡಿ ನಿಲ್ಲಿಸುತ್ತೇವೆ. ಹಿಂದಿನ ಮಂಚದ ಹತ್ತಿರ ಗೋಡೆಯ ಪ್ಲೈವುಡ್ ಕೆಳಗೆ ಮೆತ್ತಗಾಗಿದೆ, ಬೆರಳು ಒತ್ತಿದರೆ ಒಳಗೆ ಹೋಗುತ್ತದೆ. ನಡು ಮಾಡಿನ ಲೈಟಿನ ಗಾಜಿನೊಳಗೆ ನೀರು ನಿಂತಿದೆ. ಲೈಟಿಗೂ ಮಂಚಕ್ಕೂ ಮಧ್ಯೆ ಎಲ್ಲೂ ಒದ್ದೆ ಇಲ್ಲ. ಮನೆಯಿಂದ ವೈರ್ ಎಳೆದು ಕರೆಂಟ್ ಕೊಟ್ಟಿದ್ದೇವೆ. ಮಳೆ ಬಂದಾಗ ಬರಿಗಾಲಲ್ಲಿ ನಿಂತು ಬಾಗಿಲಿನ ಹಿಡಿ ಮುಟ್ಟಿದರೆ ಕೈ ಜುಂ ಅನ್ನುತ್ತದೆ. ಒಳಗೆ ಹೋದ ಮೇಲೆ ಏನೂ ಇಲ್ಲ. ನೆಂಟರು ಬಂದಿದ್ದಾರೆ, ಮಕ್ಕಳು ಗಾಡಿಯಲ್ಲೇ ಮಲಗುತ್ತಿದ್ದಾರೆ. ಸಿಲಿಕಾನ್ ಹಾಕಿದರೆ ಸಾಕಾ?

ಮೇಸ್ತ್ರಿ: ನೀರ್ಚಾಲಿನವರೇ, ಸಿಲಿಕಾನ್ ಮಾತು ಆಮೇಲೆ. ಈಗಲೇ ಮನೆಯ ಮೈನ್ ಸ್ವಿಚ್ ಆಫ್ ಮಾಡಿ, ಚಪ್ಪಲಿ ಹಾಕಿಕೊಂಡು ಹೋಗಿ ಮನೆಯ ಕಡೆಯ ಪ್ಲಗ್ ಕಿತ್ತುಬಿಡಿ. ಗಾಡಿಯ ಇನ್ವರ್ಟರ್ ಕೂಡ ಆಫ್ ಆಗಲಿ. ಮಕ್ಕಳನ್ನು ಮನೆಯೊಳಗೆ ಮಲಗಿಸಿ. ಮಾಡಿ ಬಂದು ಇಲ್ಲಿ ಬರೆಯಿರಿ, ನಾನು ಕಾಯುತ್ತೇನೆ.

ಜುಂ ಅನ್ನುವುದು ಯಾಕೆ ಅಂದರೆ, ಗಾಡಿ ರಬ್ಬರ್ ಟಯರಿನ ಮೇಲೆ ನಿಂತಿದೆ. ಒದ್ದೆಯಾದ ಜಾಯಿಂಟಿನಿಂದ ಕರೆಂಟ್ ತಗಡಿಗೆ ಬಂದರೆ ಅದಕ್ಕೆ ನೆಲಕ್ಕೆ ಇಳಿಯಲು ದಾರಿ ಇಲ್ಲ. ಒದ್ದೆ ಅಂಗಳದಲ್ಲಿ ಬರಿಗಾಲಲ್ಲಿ ನಿಂತು ಹಿಡಿ ಮುಟ್ಟಿದವರೇ ಆ ದಾರಿ. ಒಳಗೆ ಹೋದ ಮೇಲೆ ಕಾಲ ಕೆಳಗೂ ಅದೇ ತಗಡು, ಹಾಗಾಗಿ ಏನೂ ಗೊತ್ತಾಗುವುದಿಲ್ಲ. ಹತ್ತುವಾಗ, ಇಳಿಯುವಾಗ ಜೀವ ಹೋಗುವುದು ಇದರಿಂದಲೇ. ಇವತ್ತು ಜುಂ ಅಂದದ್ದು ನಾಳೆ ಮಳೆ ಜಾಸ್ತಿಯಾದರೆ ಕೈ ಬಿಡಿಸಲು ಆಗದಷ್ಟು ಹಿಡಿಯಬಹುದು. ಇಷ್ಟು ಸಣ್ಣ ಕರೆಂಟ್ ಸೋರಿಕೆಗೆ ಎಂಸಿಬಿ, ಅಂದರೆ ಲೋಡ್ ಜಾಸ್ತಿಯಾದರೆ ಬೀಳುವ ಮಾಮೂಲಿ ಸ್ವಿಚ್, ಬೀಳುವುದಿಲ್ಲ. ಸಣ್ಣ ಸೋರಿಕೆಗೂ ಕರೆಂಟ್ ಕಡಿಯುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಬೇಕು, ಮನೆಯಿಂದ ಗಾಡಿಗೆ ಹೋಗುವ ವೈರ್ ಮೂರು ತಂತಿಯದ್ದಾಗಿರಬೇಕು, ಅರ್ಥ್ ಗಾಡಿಯ ಬಾಡಿಗೆ ಸೇರಿರಬೇಕು. ಲೈಸೆನ್ಸ್ ಇರುವ ವೈರ್‌ಮನ್ ನೋಡಿ ಸರಿ ಅನ್ನುವ ತನಕ ಪ್ಲಗ್ ಹಾಕಬೇಡಿ. ಪಕ್ಕದಲ್ಲೊಂದು ಕಬ್ಬಿಣದ ಸಲಾಕೆ ಹೊಡೆದು ವೈರ್ ಸುತ್ತಿದರೆ ಆಯಿತು ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಆರ್‌ಸಿಸಿಬಿ ಇಲ್ಲದೆ ಅದರಿಂದ ರಕ್ಷಣೆ ಇಲ್ಲ.

ಇನ್ನು ನೀರಿನ ವಿಷಯ. ಲೈಟ್ ಒಂದು ಕಡೆ, ಮಂಚ ಇನ್ನೊಂದು ಕಡೆ, ನಡುವೆ ಒದ್ದೆ ಇಲ್ಲ ಅಂದಿರಿ ಅಲ್ವಾ, ಅದೇ ನನಗೆ ಮುಖ್ಯ ಸುಳಿವು. ಮಾಡಿನ ಒಳಗೆ ಅಡ್ಡಪಟ್ಟಿ, ಉದ್ದಪಟ್ಟಿ ಇರುತ್ತವೆ. ಮೇಲೆ ಎಲ್ಲೋ ಬೋಲ್ಟಿನ ತೂತಿನಿಂದ ಇಳಿದ ನೀರು ಆ ಪಟ್ಟಿ ಹಿಡಿದು ಹರಿಯುತ್ತದೆ. ನಿಮ್ಮ ಗಾಡಿ ಮೂತಿ ಮೇಲೆ ಮಾಡಿ ನಿಂತಿದೆ, ನೀರು ಹಿಂದಕ್ಕೆ ಬಂದು ಮೂಲೆಯ ಕಂಬದಲ್ಲಿ ಇಳಿದು ಮಂಚದ ಹತ್ತಿರದ ಪ್ಲೈ ಕುಡಿಯುತ್ತಿದೆ. ದಾರಿಯಲ್ಲಿ ಲೈಟಿನ ತೂತು ಸಿಕ್ಕಿದಲ್ಲಿ ಸ್ವಲ್ಪ ಅಲ್ಲೂ ಇಳಿದಿದೆ. ಹಾಗಾಗಿ ತೂತು ಲೈಟಿನ ಮೇಲೆಯೇ ಇರಬೇಕಾಗಿಲ್ಲ, ಅದಕ್ಕಿಂತ ಮುಂದೆ ಎಲ್ಲೋ ಇದೆ. ನನ್ನ ಸಂಶಯ ಲಗೇಜ್ ಕ್ಯಾರಿಯರಿನ ಕಾಲುಗಳ ಮೇಲೆ. ಮೇಲೆ ಎ.ಸಿ. ಇದ್ದರೆ ಅದರ ರಬ್ಬರ್ ಕೂಡ.

ಹುಡುಕುವುದು ಹೀಗೆ. ಮಳೆ ಬಿಟ್ಟ ದಿನ ಗಾಡಿಯನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ. ಕರೆಂಟ್ ಪೂರ್ತಿ ಆಫ್. ಒಳಗಿನ ಮಾಡಿನ ಹಾಳೆ ಬಿಚ್ಚಿ, ಒಬ್ಬರು ಟಾರ್ಚ್ ಹಿಡಿದು ಒಳಗೆ ಕೂರಲಿ. ಹೊರಗಿನಿಂದ ಪೈಪಿನಲ್ಲಿ ಸಾದಾ ನೀರು, ಕೆಳಗಿನಿಂದ ಶುರು ಮಾಡಿ ಮೇಲಕ್ಕೆ, ಒಂದೊಂದು ಜಾಗಕ್ಕೆ 10-15 ನಿಮಿಷ. ಮೇಲಿನಿಂದ ಶುರು ಮಾಡಿದರೆ ಇಡೀ ಗಾಡಿ ಒದ್ದೆಯಾಗುತ್ತದೆ, ತೂತು ಸಿಗುವುದಿಲ್ಲ. ಪ್ರೆಶರ್ ವಾಷರ್ ತರಬೇಡಿ, ಅದು ಸರಿ ಇರುವ ಜಾಗದಿಂದಲೂ ನೀರು ನುಗ್ಗಿಸುತ್ತದೆ.

ತೂತು ಸಿಕ್ಕಿದ ಮೇಲೆ ಆ ಕಾಲು ಬಿಚ್ಚಲೇಬೇಕು. ಸುತ್ತ ಬಳಿದರೆ ಸಾಲದು. ಹಳೆಯ ಸಿಲಿಕಾನ್ ಒಂದು ತುಣುಕೂ ಉಳಿಯದ ಹಾಗೆ ಕೆರೆದು, ತುಕ್ಕಿದ್ದರೆ ವೈರ್ ಬ್ರಷ್ ಹೊಡೆದು ಪ್ರೈಮರ್ ಹಾಕಿ, ಅಡಿಗೆ ಬ್ಯೂಟೈಲ್ ಟೇಪ್ (ಮೆತ್ತಗಿನ ರಬ್ಬರ್ ಅಂಟುಪಟ್ಟಿ) ಇಟ್ಟು ಬಿಗಿಯಬೇಕು. ಅಂಚಿಗೆ ಪಿಯು (ಪಾಲಿಯುರೆಥೇನ್) ಸೀಲಂಟ್. ಪಿಯು ಗಾಳಿಯ ತೇವ ಹೀರಿಯೇ ಗಟ್ಟಿಯಾಗುವುದು ನಿಜ, ಆದರೆ ಹಚ್ಚುವ ತಗಡು ಒಣಗಿರಬೇಕು.

ಮೆತ್ತಗಾದ ಪ್ಲೈ ಒಣಗಿದರೂ ಗಟ್ಟಿಯಾಗುವುದಿಲ್ಲ. ಗಟ್ಟಿ ಮರ ಸಿಗುವ ತನಕ ಕತ್ತರಿಸಿ ತೆಗೆಯಿರಿ. ಹಿಂದೆ ಗ್ಲಾಸ್‌ವೂಲ್ ಇದ್ದರೆ ಅದೂ ಹೊರಗೆ. ಹೊಸತಕ್ಕೆ ಐಎಸ್ 710 ಮುದ್ರೆಯ ಮರೈನ್ ಪ್ಲೈ ತನ್ನಿ. ನೀರು ಒಳಗಿಟ್ಟು ಮೇಲಿಂದ ಮುಚ್ಚಿದರೆ ಮುಂದಿನ ಮಳೆಗಾಲಕ್ಕೆ ಗೋಡೆಯ ಹಿಂದಿನ ತಗಡಿಗೂ ತುಕ್ಕು.

ಹೊಸದುರ್ಗದಿಂದ: ಸಿಲಿಕಾನ್ ಅಂದರೆ ಅಷ್ಟು ಕೆಟ್ಟದ್ದಾ? ನಾನು ಗಲ್ಫ್‌ನಲ್ಲಿ 14 ವರ್ಷ ಬಾಡಿ ವರ್ಕ್‌ಶಾಪಿನಲ್ಲಿದ್ದವನು. ಸಿಲಿಕಾನ್ ಹಾಕಿದ ಒಂದು ಗಾಡಿಯೂ ವಾಪಸ್ ಬಂದಿಲ್ಲ.

ಪೆರ್ಲದ ಭಟ್ರು: ಅಲ್ಲಿ ಮಳೆ ಎಲ್ಲುಂಟು ಮಾರಾಯ್ರೇ? ದುಬೈಯಲ್ಲಿ ವರ್ಷಕ್ಕೆ 100 ಮಿ.ಮೀ. ಆಸುಪಾಸು. ನಮ್ಮಲ್ಲಿ 3,500 ಮಿ.ಮೀ. ಹತ್ತಿರ.

ಹೊಸದುರ್ಗದಿಂದ: ಮಳೆ ಇಲ್ಲದಿದ್ದರೆ ಬಿಸಿಲಿದೆ. ಆ ಬಿಸಿಲನ್ನು ತಡೆದ ಸಿಲಿಕಾನ್ ಇಲ್ಲಿ ತಡೆಯುವುದಿಲ್ಲವಾ? ಪುಸ್ತಕ ಓದಿ ಮಾತಾಡುವುದಲ್ಲ ಭಟ್ರೇ, ಕೈಯಲ್ಲಿ ಸಿಲಿಕಾನ್ ಗನ್ ಹಿಡಿದು ಕೆಲಸ ಮಾಡಿದ್ದೇನೆ.

ಪೆರ್ಲದ ಭಟ್ರು: ನನ್ನ ಗಾಡಿಗೆ ಎರಡು ಸಲ ಸಿಲಿಕಾನ್ ಹಾಕಿಸಿ ಎರಡು ಸಲವೂ ಸೋರಿದೆ. ಪುಸ್ತಕ ಓದಿ ಹೇಳುತ್ತಿಲ್ಲ.

ಮೇಸ್ತ್ರಿ: ವಿನೆಗರ್ ವಾಸನೆ ಬರುವ ಸಿಲಿಕಾನ್ ತಗಡಿಗೆ ತುಕ್ಕು ತರಿಸುತ್ತದೆ. ಯಾವ ಸಿಲಿಕಾನ್ ಆದರೂ ಒಮ್ಮೆ ಹಚ್ಚಿದ ಜಾಗಕ್ಕೆ ಮತ್ತೆ ಬೇರೆ ಸೀಲಂಟ್ ಹಿಡಿಯುವುದಿಲ್ಲ, ಪೇಂಟ್ ನಿಲ್ಲುವುದಿಲ್ಲ. ಕಿಟಕಿ ಗಾಜಿಗೆ ಸರಿ, ಬಚ್ಚಲಿಗೆ ಸರಿ. ಮಾಡಿಗೆ ಬೇಡ. ನೀರ್ಚಾಲಿನವರು ಇನ್ನೂ ಬರೆದಿಲ್ಲ. ಯಾರ ಹತ್ತಿರವಾದರೂ ಅವರ ನಂಬರ್ ಇದ್ದರೆ ಫೋನ್ ಮಾಡಿ.

ಮಂಜೇಶ್ವರದಿಂದ: ಎಂ-ಸೀಲ್ ಹಾಕಿದರೆ ಆಗುತ್ತದಾ ಅಣ್ಣ? ಹಿಂದಿನ ಬಾಗಿಲ ಮೇಲೆ ಸಣ್ಣ ತೂತು.

ಮೇಸ್ತ್ರಿ: ಮೇಲೆ ಓದಿ.

ಬದಿಯಡ್ಕದ ಮಾಷ್ಟ್ರು: ತೇವ ಅಳೆಯುವ ಮೀಟರ್ ತರಿಸಿದೆ. ಶೇ. 15ಕ್ಕಿಂತ ಮೇಲೆ ಬಂದರೆ ಸೋರಿಕೆ ಅಂತ ಅದರ ಕಾಗದದಲ್ಲಿದೆ. ನನ್ನ ಗಾಡಿಯ ಎಲ್ಲ ಗೋಡೆಯಲ್ಲೂ 18, 19 ತೋರಿಸುತ್ತಿದೆ. ಇಡೀ ಗಾಡಿ ಕೊಳೆತಿದೆಯೇ?

ಮೇಸ್ತ್ರಿ: ಇಲ್ಲ ಮಾಷ್ಟ್ರೇ. ಒಳ್ಳೆಯ ಪ್ರಶ್ನೆ. ಆ 15 ಒಣ ಹವೆಯ ಊರಿನ ಲೆಕ್ಕ. ನಮ್ಮಲ್ಲಿ ಜುಲೈಯಲ್ಲಿ ಗಾಳಿಯ ತೇವವೇ ಶೇ. 90ರ ಹತ್ತಿರ ಇರುತ್ತದೆ. ಅಂಥ ಗಾಳಿಯಲ್ಲಿ ಸುಮ್ನೆ ಇಟ್ಟ ಮರವೂ ಶೇ. 20ರ ತನಕ ತೇವ ಹೀರುತ್ತದೆ. ಮನೆಯ ಬಾಗಿಲು ಮಳೆಗಾಲದಲ್ಲಿ ಉಬ್ಬಿ ಹಾಕಲು ಬಾರದ ಹಾಗೆ ಆಗುವುದಿಲ್ಲವೇ? ನೀವು ಗಾಡಿಯ ನಡುವಿನ ಕಪಾಟಿನ ಒಳಗೆ, ನೀರು ಮುಟ್ಟುವ ಸಾಧ್ಯತೆಯೇ ಇಲ್ಲದ ಕಡೆ ಮೊದಲು ಅಳೆಯಿರಿ. ಅದು ನಿಮ್ಮ ಗಾಡಿಯ ಅಳತೆ. ಅದಕ್ಕಿಂತ 5-6 ಹೆಚ್ಚು ಬಂದ ಜಾಗಕ್ಕೆ ಗುರುತು ಹಾಕಿ, ಮೂಲೆ, ಕಿಟಕಿಯ ಕೆಳಗೆ, ಚಕ್ರದ ಮೇಲಿನ ಭಾಗ. ಎಲ್ಲ ಕಡೆ ಒಂದೇ ಥರ ಇದ್ದರೆ ಹೆದರಬೇಡಿ. ಜನವರಿಯಲ್ಲಿ ಮತ್ತೊಮ್ಮೆ ಅಳೆದು ಎರಡನ್ನೂ ಬರೆದಿಡಿ. ಮೀಟರಿನ ಮೊನೆ ತಗಡಿಗೆ ತಾಗಿದರೆ ಸುಳ್ಳು ಹೇಳುತ್ತದೆ, ಅದನ್ನೂ ನೋಡಿಕೊಳ್ಳಿ.

ಉಪ್ಪಳದ ಟ್ರಾವೆಲ್ಸ್: ಟ್ಯಾಪ್ ಮುಚ್ಚಿದ್ದರೂ ನೀರಿನ ಪಂಪ್ ಅರ್ಧ ಗಂಟೆಗೊಮ್ಮೆ ಟರ್ ಅನ್ನುತ್ತದೆ.

ಮೇಸ್ತ್ರಿ: ಪೈಪ್ ಜಾಯಿಂಟ್ ಎಲ್ಲೋ ಬಿಡುತ್ತಿದೆ, ಇಲ್ಲವೇ ಪಂಪಿನ ವಾಲ್ವ್. ಸಿಂಕಿನ ಅಡಿ, ಟಾಯ್ಲೆಟ್ ಹಿಂದೆ ಒಣ ಕಾಗದ ಇಟ್ಟು ನೋಡಿ. ಅಲ್ಲಿಯವರೆಗೆ ರಾತ್ರಿ ಪಂಪ್ ಆಫ್ ಮಾಡಿ ಮಲಗಿ.

ಪೆರ್ಲದ ಭಟ್ರು: ಇಷ್ಟೆಲ್ಲ ಯಾಕೆ, ಜೂನಿನಲ್ಲಿ ಟಾರ್ಪಾಲ್ ಬಿಗಿದರೆ ಮುಗಿಯಿತಲ್ಲ.

ಹೊಸದುರ್ಗದಿಂದ: ಟಾರ್ಪಾಲ್ ಅಡಿಯಲ್ಲಿ ಬೂಷ್ಟು ಬೆಳೆಸುವುದು ಹೇಗೆ ಅಂತ ಭಟ್ರಿಂದ ಕಲಿಯಬೇಕು.

ಪೆರ್ಲದ ಭಟ್ರು: ನಿಮಗೆ ನನ್ನ ಮೇಲೆ ಎಂತ ಸಿಟ್ಟು? ಸಿಲಿಕಾನ್ ಮಾತಿಗಾ?

ಹೊಸದುರ್ಗದಿಂದ: ಎಲ್ಲದಕ್ಕೂ ನಿಮ್ಮದೊಂದು ತೀರ್ಪು. ನಾಲ್ಕು ಜನರ ಎದುರು ನನ್ನ 14 ವರ್ಷದ ದುಡಿಮೆಗೆ ಬೆಲೆಯೇ ಇಲ್ಲ ಅಂದ ಹಾಗಾಯಿತು.

ಕುಂಬಳೆಯ ಅಕ್ಕ: ಇಬ್ಬರೂ ನಿಲ್ಲಿಸಿ. ಅಲ್ಲಿ ನೀರ್ಚಾಲಿನ ಮನೆಯಲ್ಲಿ ಮಕ್ಕಳ ಕಥೆ ಏನಾಯಿತು ಅಂತ ಯಾರಿಗೂ ಗೊತ್ತಿಲ್ಲ, ನಿಮಗೆ ಟಾರ್ಪಾಲ್ ಜಗಳ.

ಮೇಸ್ತ್ರಿ: ಟಾರ್ಪಾಲ್ ಗಾಡಿಗೆ ಅಂಟಿಕೊಂಡು ಕೂರಬಾರದು. ಕಂಬ ನೆಟ್ಟು ಮೇಲೆ ಶೀಟ್ ಹಾಕಿ, ನಾಲ್ಕು ಕಡೆ ಗಾಳಿ ಆಡಲಿ. ಅದಕ್ಕೆ ಜಗಳ ಬೇಡ.

ಸೀತಾಂಗೋಳಿಯಿಂದ: ಮುಂದಿನ ಗಾಜಿನ ರಬ್ಬರಿನಿಂದ ಡ್ಯಾಶ್‌ಬೋರ್ಡಿಗೆ ನೀರು. ರಬ್ಬರ್ ಬದಲಿಸಲು ಎಷ್ಟು ಖರ್ಚಾದೀತು?

ಮುಳ್ಳೇರಿಯದ ತಮ್ಮ: ಇನ್ನೊಂದು ಮೆಸೇಜ್ ಬಂತು ಅಣ್ಣ. ಬಾಣಲೆಯಲ್ಲಿ ಕೆಂಡ ಹಾಕಿ ಕರ್ಪೂರ ಇಟ್ಟು ರಾತ್ರಿ ಗಾಡಿಯೊಳಗೆ ಇಟ್ಟರೆ ತೇವ ಹೋಗುತ್ತದಂತೆ. ಇಲ್ಲದಿದ್ದರೆ ಉಪ್ಪಿನ ಡಬ್ಬ.

ಮೇಸ್ತ್ರಿ: ತಮ್ಮಾ, ಇವನ್ನೆಲ್ಲ ಇಲ್ಲಿ ಹಾಕುವ ಮೊದಲು ಒಂದು ಕ್ಷಣ ಯೋಚಿಸು. ಮುಚ್ಚಿದ ಗಾಡಿಯಲ್ಲಿ ಕೆಂಡ ಇಟ್ಟರೆ ಕಾರ್ಬನ್ ಮೊನಾಕ್ಸೈಡ್ ತುಂಬುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಮಲಗಿದವರು ಏಳುವುದಿಲ್ಲ. ಉಪ್ಪು ಕೊಲ್ಲುವುದಿಲ್ಲ, ಆದರೆ ನಮ್ಮ ಅಡಿಗೆಮನೆಯ ಉಪ್ಪೇ ಜೂನಿನಲ್ಲಿ ನೀರಾಗುತ್ತದೆ, ಆ ಉಪ್ಪುನೀರು ಚೆಲ್ಲಿದ ಕಡೆ ತಗಡು ತಿನ್ನುತ್ತದೆ. ಅಡ್ಮಿನ್, ಫಾರ್ವರ್ಡ್ ಬಂದದ್ದನ್ನು ದಯವಿಟ್ಟು ತೆಗೆಯಿರಿ. ಮೇಲಿನ ಎಚ್ಚರಿಕೆ ಓದದೆ ಬರೀ ಅದನ್ನು ನೋಡಿ ಮಾಡುವವರು ಇರುತ್ತಾರೆ.

ಅಡ್ಮಿನ್, ಕಾಸರಗೋಡು: ತೆಗೆದಿದ್ದೇನೆ.

ಮಂಜೇಶ್ವರದಿಂದ: ಮೇಲೆ ಓದಿದೆ. ಅದು ಮಾಡಿಗೆ ಹೇಳಿದ್ದಲ್ವಾ, ನಂದು ಬಾಗಿಲು. ಸಣ್ಣ ತೂತಿಗಾದರೂ ಎಂ-ಸೀಲ್?

ಮೇಸ್ತ್ರಿ: ಬೇಡ ಅಂದೆ. ಬಾಗಿಲೂ ಅಲುಗಾಡುತ್ತದೆ.

ನೀರ್ಚಾಲಿನಿಂದ: ಕ್ಷಮಿಸಿ ಅಣ್ಣ, ಮಕ್ಕಳ ಹಾಸಿಗೆ ಎಲ್ಲ ಒಳಗೆ ಸಾಗಿಸುತ್ತಿದ್ದೆ. ಮೈನ್ ಆಫ್ ಮಾಡಿ ಪ್ಲಗ್ ತೆಗೆದೆ, ಇನ್ವರ್ಟರ್ ಆಫ್. ಮಕ್ಕಳು ಚಾವಡಿಯಲ್ಲಿ ಮಲಗಿದ್ದಾರೆ. ಎಕ್ಸ್‌ಟೆನ್ಶನ್ ವೈರ್ ಬಿಚ್ಚಿ ನೋಡಿದರೆ ಒಳಗೆ ಎರಡೇ ತಂತಿ, ಅರ್ಥ್ ಪಿನ್ನಿಗೆ ಏನೂ ಸೇರಿಲ್ಲ. ಮಾಡಿನ ಮೇಲೆ ಕ್ಯಾರಿಯರ್ ಇದೆ, ಎ.ಸಿ. ಇಲ್ಲ. ಮುಂದಿನ ಎರಡು ಕಾಲಿನ ಸುತ್ತ ಹಳದಿಯಾದ ಸಿಲಿಕಾನ್ ಉಂಟು, ಒಂದು ಕಡೆ ಎದ್ದು ಬಂದಿದೆ.

ಮೇಸ್ತ್ರಿ: ಸದ್ಯ. ಈಗ ಸಮಾಧಾನ ಆಯಿತು. ಆ ಎರಡು ತಂತಿಯ ವೈರ್ ಕತ್ತರಿಸಿ ಬಿಸಾಡಿ, ಮನೆಯಲ್ಲಿ ಬೇರೆ ಯಾವುದಕ್ಕೂ ಯಾರೂ ಬಳಸದ ಹಾಗೆ. ಎದ್ದು ಬಂದ ಕಾಲಿನದ್ದು ಹತ್ತಿರದಿಂದ ಫೋಟೋ ಬೇಕು. ರಾತ್ರಿ ಮಳೆಯಲ್ಲಿ ಮಾಡು ಹತ್ತಬೇಡಿ, ಜಾರುತ್ತದೆ. ಬೆಳಿಗ್ಗೆ ತೆಗೆದು ಕಳಿಸಿ. ವೈರ್‌ಮನ್ ಬಂದಾಗ ನನಗೆ ಫೋನ್ ಮಾಡಿ, ಅವರ ಹತ್ತಿರ ನಾನೇ ಮಾತಾಡುತ್ತೇನೆ.