ಅಲೇಜ್‌ಗೆ ‘ಮೇಲ್ತೆರವು’ ಇರಲಿ, ‘ಶೂನ್ಯಾಂತರ’ ಬೇಡ

ಮಾನ್ಯರೇ,

ಹಡಗಿನ ಟ್ಯಾಂಕಿನಲ್ಲಿ ಎಣ್ಣೆಯ ಮೇಲೆ ಉಳಿಯುವ ಖಾಲಿ ಅಂತರವನ್ನು ಸೂಚಿಸುವ ‘ಅಲೇಜ್’ (ullage) ಎಂಬ ಪದಕ್ಕೆ ಕನ್ನಡದಲ್ಲಿ ಏನೆನ್ನಬೇಕೆಂದು ಕೇಳಿದ್ದೀರಿ. ಪಣಂಬೂರಿನ ಬಂದರಿನಲ್ಲಿ ಕೆಲಸ ಕಲಿಯುವ ಹೊಸಬರಿಗಾಗಿ ನೀವು ಅನುವಾದಿಸುತ್ತಿರುವ ಕೈಪಿಡಿ ಈ ವಾರವೇ ಅಚ್ಚಿಗೆ ಹೋಗಬೇಕಾಗಿರುವುದರಿಂದ ತೀರ್ಮಾನವನ್ನು ಮೊದಲೇ ಹೇಳುತ್ತೇನೆ. ಅಲೇಜ್ ಎಂಬುದಕ್ಕೆ ‘ಮೇಲ್ತೆರವು’ ಎಂದು ಬರೆಯಿರಿ. ಹಡಗಿನವರು ಕೊಡುವ ಟ್ಯಾಂಕಿನ ಅಳತೆ ಕೋಷ್ಟಕದ ತಲೆಬರಹದಲ್ಲಿ ಮಾತ್ರ ‘ಅಲೇಜ್’ ಹಾಗೆಯೇ ಉಳಿಯಲಿ. ಈ ಚರ್ಚೆಯಲ್ಲಿ ಒಬ್ಬರು ಸೂಚಿಸಿರುವ ‘ಶೂನ್ಯಾಂತರ’ ಸರ್ವಥಾ ಬೇಡ. ಅಂಕಿಗಳೇ ತುಂಬಿದ ಪುಟದಲ್ಲಿ ಶೂನ್ಯವನ್ನು ಓದುಗರು ಸೊನ್ನೆಯೆಂದೇ ತಿಳಿಯುತ್ತಾರೆ.

ಟ್ಯಾಂಕಿನ ಮೇಲ್ಭಾಗದಲ್ಲಿ ಗೊತ್ತುಪಡಿಸಿದ ಬಿಂದುವಿನಿಂದ ಎಣ್ಣೆಯ ಮಟ್ಟದವರೆಗೆ ಇರುವ ಖಾಲಿ ಅಂತರ ಅಲೇಜ್ ಆದರೆ, ತಳದಿಂದ ಅದೇ ಮಟ್ಟದವರೆಗಿನ ಎತ್ತರ ಸೌಂಡಿಂಗ್. ಮೊದಲನೆಯದು ಹೆಚ್ಚಿದಷ್ಟೂ ಸರಕು ಕಡಿಮೆ, ಎರಡನೆಯದು ಹೆಚ್ಚಿದಷ್ಟೂ ಸರಕು ಹೆಚ್ಚು. ನಿಮ್ಮ ಕರಡಿನಲ್ಲಿ ಎರಡಕ್ಕೂ ‘ಆಳ’ ಎಂದೇ ಇರುವುದು ಅಪಾಯಕರ. ‘ಮೇಲ್ತೆರವು’ ಎಂದಾಗ ಎಲ್ಲಿಂದ ಅಳೆಯಬೇಕು, ಏನನ್ನು ಅಳೆಯಬೇಕು ಎಂಬೆರಡೂ ಪದದೊಳಗೇ ಸಿಗುತ್ತವೆ. ಸೌಂಡಿಂಗ್‌ಗೆ ‘ದ್ರವದಾಳ’ ಸಾಕು. ಆದೇಶಸಂಧಿಯಂತೆ ‘ಮೇಲ್ದೆರವು’ ಆಗಬೇಕೆಂಬ ಆಕ್ಷೇಪಕ್ಕೆ ‘ಮೇಲ್ತುಟಿ’ಯೇ ಉತ್ತರ. ತೆರವು ಎಂದರೆ ಒತ್ತುವರಿ ಬಿಡಿಸುವುದಷ್ಟೇ ಎನ್ನುವವರು ‘ತೆರವಾದ ಸ್ಥಾನ’ವನ್ನು ಮರೆತಿದ್ದಾರೆ.

ಅಲೇಜ್‌ನ ಮೂಲವನ್ನು ಹಿಡಿದು ‘ಕಣ್ತೆರವು’ ಎನ್ನಬೇಕೆಂಬ ವಾದವನ್ನೂ ಓದಿದೆ. ಆ ಪದ ಫ್ರೆಂಚಿನ ಮೂಲಕ ಕಣ್ಣು ಎಂಬರ್ಥದ ಲ್ಯಾಟಿನ್ ಪದದವರೆಗೆ ಹೋಗುತ್ತದೆ, ಮದ್ಯದ ಪೀಪಾಯಿಯ ತೂತನ್ನು ಫ್ರೆಂಚರು ಕಣ್ಣೆಂದು ಕರೆದರು ಎಂಬುದು ನಿಜ. ತೆಂಗಿನಕಾಯಿಯ ಕಣ್ಣನ್ನು ಬಲ್ಲ ನಮ್ಮ ಕರಾವಳಿಯವರಿಗೆ ಆ ಕಲ್ಪನೆ ಹಿಡಿಸುವಂಥದ್ದೇ. ಆದರೆ ಟೇಪು ಹಿಡಿದು ಡೆಕ್ಕಿನ ಮೇಲೆ ನಿಂತವನಿಗೆ ವ್ಯುತ್ಪತ್ತಿಯಿಂದ ಉಪಯೋಗವಿಲ್ಲ.

ಇನ್ನೊಂದು ತಿದ್ದುಪಡಿ ಇದಕ್ಕಿಂತಲೂ ಮುಖ್ಯವಾದುದು. ಇಲ್ಲಿ ಅಲೇಜ್ ಒಂದು ಉದ್ದವೇ ಹೊರತು ಗಾತ್ರವಲ್ಲ. ಹಡಗು ಹಿಂದಕ್ಕೋ ಮುಂದಕ್ಕೋ ತಗ್ಗಿದ್ದರೆ ಅಥವಾ ಪಕ್ಕಕ್ಕೆ ವಾಲಿದ್ದರೆ ಅದಕ್ಕೆ ತಕ್ಕ ತಿದ್ದುಪಡಿ ಮಾಡಿಕೊಂಡು, ಆ ಟ್ಯಾಂಕಿನ ಕೋಷ್ಟಕದಲ್ಲಿ ನೋಡಿದ ಮೇಲೆಯೇ ಗಾತ್ರ ದೊರೆಯುತ್ತದೆ. ಅದರಿಂದ ತಳದಲ್ಲಿ ನಿಂತ ನೀರನ್ನು ಕಳೆಯಬೇಕು. ಇದನ್ನು ನೀವು ‘ಮುಕ್ತ ಜಲ’ ಎಂದಿರುವುದು ‘ಫ್ರೀ ವಾಟರ್’ ಎಂಬ ಇಂಗ್ಲಿಷಿನ ನೆರಳು, ‘ತಳನೀರು’ ಎನ್ನಿ. ಬಿಸಿಲಿಗೆ ಎಣ್ಣೆ ಹಿಗ್ಗುವುದರಿಂದ ಕೊನೆಗೆ ಆ ಗಾತ್ರ 15 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎಷ್ಟಾಗುತ್ತದೆಂದು ಲೆಕ್ಕ ಹಾಕುತ್ತಾರೆ. ಅಮೆರಿಕದ ರೂಢಿಯಲ್ಲಿ ಆ ಉಷ್ಣತೆ 60 ಡಿಗ್ರಿ ಫ್ಯಾರನ್‌ಹೀಟ್. ಅಳೆದ ಹೊತ್ತಿನ ಉಷ್ಣತೆಯಲ್ಲಿರುವುದಕ್ಕೆ ‘ಕಂಡ ಗಾತ್ರ’, ತಿದ್ದಿದ್ದಕ್ಕೆ ‘ಪ್ರಮಾಣಿತ ಗಾತ್ರ’ ಎಂದು ಬೇರೆಬೇರೆ ಹೆಸರಿಡದಿದ್ದರೆ, ಹಡಗಿನ ಲೆಕ್ಕಕ್ಕೂ ದಡದ ಟ್ಯಾಂಕಿನ ಲೆಕ್ಕಕ್ಕೂ ಏಕೆ ತಾಳೆಯಾಗಲಿಲ್ಲವೆಂದು ಕೈಪಿಡಿ ಓದಿದವರಿಗೆ ತಿಳಿಯುವುದೇ ಇಲ್ಲ.

ಬ್ಯಾರಲ್ ಎಂಬ ಎರವಲನ್ನು ಕಿತ್ತೊಗೆದು ‘ಅಚ್ಚಗನ್ನಡದ ಪೀಪಾಯಿ’ಯನ್ನು ಬಳಸಬೇಕೆಂದವರಿಗೆ ಒಂದು ಮಾತು. ಪೀಪಾಯಿ ಪೋರ್ಚುಗೀಸರಿಂದ ಬಂದದ್ದು. ಚಾವಿ, ಬಟಾಟೆ, ಪಗಾರಗಳೂ ಹಾಗೆಯೇ ಬಂದು ಮಂಗಳೂರಿನ ಮನೆಮಾತಾಗಿವೆ, ಅವನ್ನು ಯಾರೂ ಹೊರಹಾಕಲಾರರು, ಹಾಕಬೇಕಾಗಿಯೂ ಇಲ್ಲ. ಅದಲ್ಲದೆ ಇಲ್ಲಿ ಬ್ಯಾರಲ್ ಪಾತ್ರೆಯಲ್ಲ, 42 ಅಮೆರಿಕನ್ ಗ್ಯಾಲನ್, ಅಂದರೆ ಸುಮಾರು 159 ಲೀಟರಿನ ಒಂದು ಮಾನ. ಲೀಟರನ್ನು ಹೇಗೆ ಬಿಟ್ಟಿದ್ದೀರೋ ಬ್ಯಾರಲನ್ನೂ ಹಾಗೆಯೇ ಬಿಡಿ.