ಸೆಲ್ಫ್ ಟೇಪ್ ಕಳಿಸಿದ್ರೆ ‘ಓವರ್’ ಅಂತಾರೆ, ಕಡಿಮೆ ಮಾಡಿದ್ರೆ ‘ಡಲ್’ ಅಂತಾರೆ

ಪ್ರಶ್ನೆ (ರಂಗಭೂಮಿ ಕಲಾವಿದ, ಹನುಮಂತನಗರ): ನಮಸ್ಕಾರ ಮೇಡಂ. ಕಲಾಸೌಧ, ರಂಗಶಂಕರದಲ್ಲಿ ನಾಟಕ ಮಾಡ್ತಾ ಬಂದಿದ್ದೀನಿ. ಈಗ ಒಂದು ವೆಬ್ ಸರಣಿಗೆ ಮನೆಯಲ್ಲೇ ಮೊಬೈಲಲ್ಲಿ ಶೂಟ್ ಮಾಡಿ ಆಡಿಷನ್ (ಸೆಲ್ಫ್ ಟೇಪ್) ಕಳಿಸಿದೆ. ‘ಓವರ್ ಆಯ್ತು’ ಅಂದ್ರು. ಇಳಿಸಿ ಮತ್ತೆ ಕಳಿಸಿದ್ರೆ ‘ಡಲ್’ ಅಂದ್ರು. ಎಲ್ಲಿ ಎಡವುತ್ತಿದ್ದೀನಿ? ರೂಮು ರಸ್ತೆಗೆ ಅಂಟಿಕೊಂಡಿದೆ, ಸೌಂಡೂ ಚೆನ್ನಾಗಿ ಬರ್ತಿಲ್ಲ.

ಉತ್ತರ (ನಟನಾ ತರಬೇತುದಾರರು): ನಿಮ್ಮ ಧ್ವನಿ ಇಳಿದಾಗ ಅದರ ಜೊತೆಗೆ ಯೋಚನೆಯೂ ಇಳಿದಿದೆ, ಅದಕ್ಕೇ ಡಲ್. ಇಳಿಸಬೇಕಾದ್ದು ದೂರವನ್ನು ಮಾತ್ರ. ವೇದಿಕೆ ಮೇಲೆ ಕೊನೇ ಸಾಲಿಗೆ ಕೇಳಿಸೋ ಹಾಗೆ ಮಾತಾಡಿ ಅಭ್ಯಾಸ. ಇಲ್ಲಿ ಎದುರು ಪಾತ್ರ ಮೂರು ಅಡಿ ದೂರದಲ್ಲಿದೆ. ಎದುರು ಡೈಲಾಗ್ ಓದುವವರನ್ನು ನಿಜವಾಗಿಯೂ ಅಷ್ಟೇ ದೂರದಲ್ಲಿ ನಿಲ್ಲಿಸಿ, ಅವರೊಬ್ಬರಿಗೆ ಮುಟ್ಟಿದರೆ ಸಾಕು ಅನ್ನುವಂತೆ ಮಾತಾಡಿ. ಸಿಟ್ಟು, ಸಂಕಟ ಯಾವುದನ್ನೂ ಕಡಿಮೆ ಮಾಡಬೇಡಿ.

ಎರಡನೆಯದು ನನಗೆ ಎಲ್ಲಕ್ಕಿಂತ ಮುಖ್ಯ: ನಿಮ್ಮ ಡೈಲಾಗ್ ಇಲ್ಲದ ಹೊತ್ತು. ಉದಾಹರಣೆಗೆ ಅಪ್ಪನ ಪಾತ್ರ ‘ಮನೆ ಮಾರ್ಬಿಟ್ಟೆ. ಮುಂದಿನ ತಿಂಗಳು ಖಾಲಿ ಮಾಡ್ಬೇಕು’ ಅನ್ನುತ್ತೆ. ನಿಮ್ಮ ಸಾಲು, ‘ನನಗೊಂದು ಮಾತು ಹೇಳ್ಲಿಲ್ವಲ್ಲಪ್ಪ’. ಬಹಳ ಜನ ‘ಖಾಲಿ ಮಾಡ್ಬೇಕು’ ಮುಗಿಯೋವರೆಗೆ ಸುಮ್ಮನೆ ಕಾದು, ಆಮೇಲೆ ಮುಖಕ್ಕೆ ದುಃಖ ತಂದುಕೊಳ್ತಾರೆ. ಆದರೆ ಪೆಟ್ಟು ಬಿದ್ದದ್ದು ‘ಮಾರ್ಬಿಟ್ಟೆ’ ಅನ್ನೋ ಪದಕ್ಕೆ. ಎರಡನೇ ವಾಕ್ಯ ಆ ಮಗನಿಗೆ ಅರ್ಧ ಕೇಳಿಸಿಯೇ ಇರಲ್ಲ. ಹೀಗೆ ಎದುರಿನವರ ಪ್ರತಿ ಮಾತಿನಲ್ಲೂ ನಿಮ್ಮನ್ನು ತಾಕುವ ಪದದ ಕೆಳಗೆ ಗೆರೆ ಎಳೆದುಕೊಳ್ಳಿ. ಉತ್ತರ ಅಲ್ಲೇ ಹುಟ್ಟಿದರೆ ಹುಬ್ಬು ಏರಿಸಿ ತೋರಿಸೋ ಅಗತ್ಯವೇ ಬರಲ್ಲ. ಕ್ಲೋಸಪ್‌ನಲ್ಲಿ ಹುಬ್ಬು, ಹಣೆ ಒಂಚೂರು ಹೆಚ್ಚಾದರೂ ಓವರ್ ಅನ್ನಿಸಿಬಿಡುತ್ತೆ.

ಡೈಲಾಗನ್ನು ರಾಗ ಹಾಕಿ ಬಾಯಿಪಾಠ ಮಾಡಬೇಡಿ. ಪಾತ್ರೆ ತೊಳೀತಾ, ಬಟ್ಟೆ ಮಡಚ್ತಾ ಸಪ್ಪೆಯಾಗಿ ಹೇಳಿ ಕಲಿಯಿರಿ. ರಾಗದ ಜೊತೆ ಕೂತ ಸಾಲು ಆಮೇಲೆ ಬದಲಾಗಲ್ಲ. ಆಡಿಷನ್‌ನಲ್ಲಿ ‘ಇದನ್ನೇ ನಗ್ತಾ ಹೇಳಿ’ ಅಂತಾರಲ್ಲ, ಹೇಳಿದ್ದನ್ನು ನೀವು ಹಿಡೀತೀರಾ ಅಂತ ನೋಡೋದಕ್ಕೇ.

ನೋಟ: ಓದುವವರು ಲೆನ್ಸಿಗೆ ತಾಗಿದಂತೆ ನಿಲ್ಲಲಿ, ಅವರ ಕಣ್ಣು ಲೆನ್ಸಿನ ಎತ್ತರದಲ್ಲಿರಲಿ. ಎರಡಡಿ ಪಕ್ಕಕ್ಕೆ ಸರಿದರೆ ನಮಗೆ ನಿಮ್ಮ ಒಂದೇ ಕಣ್ಣು ಕಾಣುತ್ತೆ. ದೃಶ್ಯದಲ್ಲಿ ಇಬ್ಬರಿದ್ದರೆ ಒಬ್ಬರನ್ನು ಲೆನ್ಸಿನ ಎಡಕ್ಕೆ, ಇನ್ನೊಬ್ಬರನ್ನು ಬಲಕ್ಕೆ ಇಟ್ಟುಕೊಳ್ಳಿ. ನೇರ ಲೆನ್ಸ್ ನೋಡೋದು ಹೆಸರು, ವಯಸ್ಸು, ಎತ್ತರ ಹೇಳುವಾಗ ಮಾತ್ರ.

ಉತ್ತರ (ಛಾಯಾಗ್ರಾಹಕರು): ಮೇಡಂ ಹೇಳಿದ್ದರ ಜೊತೆಗೆ ಟೆಕ್ನಿಕಲ್ ಭಾಗ. ಫೋನ್ ಅಡ್ಡ ಇಡಿ, ಹಿಂಬದಿ ಕ್ಯಾಮೆರಾ, ಸ್ಟ್ಯಾಂಡ್ ಕಣ್ಣಿನ ಮಟ್ಟಕ್ಕೆ. ತೀರಾ ಹತ್ತಿರ ನಿಂತರೆ ಮೂಗು ದಪ್ಪ ಕಾಣುತ್ತೆ. 2ಎಕ್ಸ್ ಲೆನ್ಸ್ (ಎರಡು ಪಟ್ಟು ಹತ್ತಿರ ತೋರಿಸೋದು) ಇದ್ದರೆ ಐದಾರು ಅಡಿ ಹಿಂದೆ ಸರಿದು ಅದರಲ್ಲೇ ತೆಗೆಯಿರಿ, ಎದೆಮಟ್ಟದ ಫ್ರೇಮ್. ಓದುವವರು ಫೋನಿಗಿಂತ ಮುಂದೆ ಬರಬಹುದು, ಫ್ರೇಮಿಗೆ ಬೀಳದಿದ್ದರಾಯ್ತು. ವಿಡಿಯೊ ಗುಣಮಟ್ಟ 1080ಪಿ, ಸೆಕೆಂಡಿಗೆ 25 ಫ್ರೇಮ್ ಸಾಕು. ನಮ್ಮ ಕರೆಂಟು 50 ಹರ್ಟ್ಸ್, 30ರಲ್ಲಿ ತೆಗೆದರೆ ಕೆಲವು ಟ್ಯೂಬ್‌ಲೈಟ್, ಎಲ್‌ಇಡಿ ಕೆಳಗೆ ಚಿತ್ರದಲ್ಲಿ ಪಟ್ಟಿ ಓಡುತ್ತೆ. ಶಟರ್ (ಒಂದೊಂದು ಫ್ರೇಮಿಗೂ ಬೆಳಕು ಬೀಳೋ ಹೊತ್ತು) ಕೈಯಲ್ಲಿ ಹೊಂದಿಸೋಕೆ ಬಂದರೆ 1/50 ಸೆಕೆಂಡ್ ಇಡಿ. ಕಿಟಕಿ ನಿಮ್ಮ ಎದುರಿಗಿರಲಿ, ಬೆನ್ನಿಗೆ ಬೇಡ. ಗೋಡೆಯಿಂದ ಮೂರಡಿ ಮುಂದೆ ನಿಂತರೆ ನೆರಳು ಬೀಳಲ್ಲ. ಪರದೆ ಮೇಲೆ ಮುಖವನ್ನು ಒತ್ತಿ ಹಿಡಿದು ಫೋಕಸ್, ಎಕ್ಸ್‌ಪೋಷರ್ (ಬೆಳಕಿನ ಮಟ್ಟ) ಲಾಕ್ ಮಾಡಿ. ಇಲ್ಲದಿದ್ದರೆ ನೀವು ಮುಂದೆ ಬಾಗಿದಾಗೆಲ್ಲ ಬೆಳಕು ಏರಿಳಿಯುತ್ತೆ. ಸಣ್ಣ ಗೆರೆ ಗೆರೆ ಶರ್ಟ್ ಬೇಡ.

ಸೌಂಡಿಗೆ: ಬೆಳಿಗ್ಗೆ ಆರಕ್ಕೆ ಮುಂಚೆ ಬಸ್ಸು, ಹಾರ್ನು ಕಡಿಮೆ. ಆದರೆ ಆಗ ಕಿಟಕಿ ಬೆಳಕಿರಲ್ಲ, ಒಂದು ಲೈಟ್ ಬೇಕಾಗುತ್ತೆ. ಇಲ್ಲವೇ ಭಾನುವಾರ ಏಳರ ಹೊತ್ತಿಗೆ ನೋಡಿ. ಫ್ಯಾನ್ ಆಫ್ ಮಾಡಿ. ಬರಿ ಗೋಡೆಯಿದ್ದರೆ ಮಾತು ಮೊಳಗುತ್ತೆ, ಫ್ರೇಮಿಗೆ ಬೀಳದ ಕಡೆ ಎರಡು ದಪ್ಪ ರಗ್ಗು ನೇತುಹಾಕಿ. ಕಾಲರ್ ಮೈಕನ್ನು ಗದ್ದದಿಂದ ಒಂದು ಗೇಣು ಕೆಳಗೆ ಸಿಕ್ಕಿಸಿ. ಫೋನಿನ ಮೈಕೇ ಗತಿ ಅಂದರೆ ಓದುವವರು ಮೆಲ್ಲಗೆ ಓದಲಿ, ಅವರೇ ಮೈಕಿಗೆ ಹತ್ತಿರ ಇರೋದು. ವಾಟ್ಸ್ಯಾಪಿನಲ್ಲಿ ವಿಡಿಯೊ ಆಗಿ ಕಳಿಸಿದರೆ ಅದು ಕುಗ್ಗಿಸಿಬಿಡುತ್ತೆ. ಡಾಕ್ಯುಮೆಂಟ್ ಆಗಿ ಕಳಿಸಿ. ಡ್ರೈವ್ ಲಿಂಕ್ ಆದರೆ ಯಾರು ಬೇಕಾದರೂ ತೆರೆಯುವಂತಿದೆಯಾ ನೋಡಿಕೊಳ್ಳಿ.

ಪ್ರಶ್ನೆ (ಅದೇ ಕಲಾವಿದ): ತುಂಬಾ ಥ್ಯಾಂಕ್ಸ್ ಮೇಡಂ, ಸರ್. ಇನ್ನೆರಡು ಕೇಳ್ಲಾ? ಧಾರಾವಾಹಿ ಸೆಟ್‌ನಲ್ಲಿ ಪ್ರಾಂಪ್ಟಿಂಗ್ (ಶೂಟ್ ನಡೀತಿರುವಾಗಲೇ ಡೈಲಾಗ್ ಹೇಳಿಕೊಡೋದು) ಇರುತ್ತೆ ಅಂತಾರೆ, ಅದಕ್ಕೆ ತಯಾರಿ ಹೇಗೆ? ಮತ್ತೆ ಒಬ್ಬರು ಆಡಿಷನ್‌ಗೆ ನೋಂದಣಿ ಶುಲ್ಕ ಕೇಳ್ತಿದ್ದಾರೆ.

ಉತ್ತರ (ನಟನಾ ತರಬೇತುದಾರರು): ಪ್ರಾಂಪ್ಟಿಂಗ್‌ನಲ್ಲಿ ಎರಡು ಕಡೆ ಸಿಕ್ಕಿಬೀಳ್ತಾರೆ. ಧ್ವನಿ ಬಂದ ಕಡೆ ಕಣ್ಣು ಹೋಗುತ್ತೆ, ಮತ್ತೆ ಹೇಳಿಕೊಡುವವರ ರಾಗವೇ ನಿಮ್ಮ ಬಾಯಲ್ಲಿ ಬರುತ್ತೆ. ಮನೆಯಲ್ಲಿ ಯಾರಾದರೂ ಪೇಪರಿನ ಸುದ್ದಿಯನ್ನು ಬೆನ್ನ ಹಿಂದಿನಿಂದ ಅರ್ಧರ್ಧ ವಾಕ್ಯ ಓದಲಿ. ನೀವು ಎದುರಿನ ಒಬ್ಬರ ಕಣ್ಣಿನಿಂದ ನೋಟ ಕದಲಿಸದೆ, ಅದನ್ನು ಅವರಿಗೇ ಹೇಳುತ್ತಿರುವ ಹಾಗೆ ಹೇಳಿ. ದಿನಾ ಹತ್ತು ನಿಮಿಷ ಸಾಕು.

ದುಡ್ಡು ಕೊಡಬೇಡಿ. ಪಾತ್ರಕ್ಕೆ ನಟರನ್ನು ಹುಡುಕುವವರು ನಟರಿಂದ ಹಣ ಕೇಳೋದಿಲ್ಲ. ‘ನಮ್ಮಲ್ಲೇ ಪೋರ್ಟ್‌ಫೋಲಿಯೊ (ನಟರ ಫೋಟೊಗಳ ಸಂಗ್ರಹ) ಮಾಡಿಸಬೇಕು’ ಅಂದರೂ ಅಷ್ಟೇ, ಬಿಟ್ಟುಬಿಡಿ. ನಿರ್ಮಾಣ ಸಂಸ್ಥೆಯ ಹೆಸರು ಕೇಳಿ, ಅವರ ಆಫೀಸಿಗೆ ನೀವೇ ಫೋನ್ ಮಾಡಿ ಇಂಥ ಆಡಿಷನ್ ನಡೀತಿದೆಯಾ ವಿಚಾರಿಸಿ.